ಕರೆಂಟ್ ಕಾರೂ ಹಗ್ಗದ ಷರತ್ತೂ

ಕೆಲವರ ಬದುಕಿನಲ್ಲಿ ನಗುವಂಥದ್ದು ವರ್ಷಕ್ಕೊಂದೋ ಎರಡೋ ನಡೆಯುತ್ತದೆ. ಮಿಕ್ಕ ದಿನ ಅವರು ನೆಮ್ಮದಿಯಾಗಿರುತ್ತಾರೆ. ನನಗೆ ಆ ನೆಮ್ಮದಿ ಇದ್ದದ್ದು ಕರೆಂಟ್ ಕಾರು ಮನೆಗೆ ಬರುವ ತನಕ ಮಾತ್ರ. ಆಮೇಲೆ ಶಾಲೆಗೆ ಹೋಗಿ ಬರುವ ದಾರಿಯಲ್ಲಿ ಏನಾದರೊಂದು ನನಗಾಗಿ ಕಾದು ಕೂತಿರುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಇದ್ದದ್ದಕ್ಕೆ ಸೇರಿಸಿ ಹೇಳಿ ಅಭ್ಯಾಸವಿಲ್ಲ. ನಡೆದಷ್ಟನ್ನೇ ಹೇಳುತ್ತೇನೆ.

ಶಾಲೆ ಮೂಡಿಗೆರೆಯಲ್ಲಿ. ಮನೆ, ತೋಟ ಬಾಳೂರಿನ ಕಡೆ, ಮುಖ್ಯರಸ್ತೆ ಬಿಟ್ಟು ಒಳಗೆ. ಬಸ್ಸು ಸಿಕ್ಕರೆ ಫುಟ್‌ಬೋರ್ಡಿನಲ್ಲಿ ಜಾಗ, ಸಿಗದಿದ್ದರೆ ರಸ್ತೆ ಬದಿಯಲ್ಲಿ ಜಾಗ. ಮನೆಯಲ್ಲಿ ಜೀಪಿತ್ತು, ಆದರೆ ಅದು ನಮ್ಮ ಯಜಮಾನರದು. ಅದನ್ನು ಓಡಿಸಲು ಅವರು ನನಗೆ ಕಲಿಸಲು ನೋಡಿದ್ದೂ ಉಂಟು. ಜೀಪಿನ ಕ್ಲಚ್ಚಿಗೆ ನನ್ನ ಕಾಲು ಸಾಲಲಿಲ್ಲ, ಅವರ ಬಾಯಿಗೆ ನನ್ನ ಕಿವಿ ಸಾಲಲಿಲ್ಲ. ಪಾಠ ಅಲ್ಲಿಗೇ ನಿಂತಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬೆಂಗಳೂರಿನಲ್ಲಿ ಬ್ಯಾಂಕಿನಲ್ಲಿದ್ದ ನಮ್ಮಣ್ಣನಿಗೆ ಉತ್ತರದ ಕಡೆ ವರ್ಗವಾಯಿತು. ಅವನ ಹತ್ತಿರ ಒಂದು ಪುಟ್ಟ ಎಲೆಕ್ಟ್ರಿಕ್ ಕಾರಿತ್ತು. ಎರಡು ಬಾಗಿಲು, ಮುಂದೆ ಇಬ್ಬರು, ಹಿಂದೆ ಮಕ್ಕಳು ಮಾತ್ರ ಕೂರುವಷ್ಟು ಜಾಗ. ಕ್ಲಚ್ ಇಲ್ಲ, ಗೇರ್ ಇಲ್ಲ, ಒತ್ತಿದರೆ ಮುಂದೆ ಹೋಗುತ್ತದೆ. “ನೀನೇ ಇಟ್ಕೋ” ಎಂದ. ಕಾಫಿ ಮೂಟೆ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಕಾರು ನಮ್ಮ ಅಂಗಳಕ್ಕೆ ಬಂತು.

ಯಜಮಾನರು ಅದರ ಸುತ್ತ ಒಂದು ಸುತ್ತು ಬಂದರು. ಅದಕ್ಕೆ ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ.

“ಇದು ಸಪಾಟು ರಸ್ತೆಗೆ ಮಾಡಿದ ಗೊಂಬೆ ಮಾರಾಯ್ತಿ, ನಮ್ಮ ಏರಿಗಲ್ಲ. ಇರ್ಲಿ, ಓಡ್ಸು. ಆದ್ರೆ ಯಾವತ್ತು ಇದನ್ನ ಹಗ್ಗ ಕಟ್ಟಿ ಎಳ್ಕೊಂಡು ಈ ಅಂಗಳಕ್ಕೆ ತರ್ತಾರೋ, ಅವತ್ತೇ ಮಾರೋದು. ಆಮೇಲೆ ಒಂದು ಮಾತಿಲ್ಲ.”

ಜಗಲಿಯ ಮೇಲೆ ಕೂತಿದ್ದ ನಮ್ಮ ಅತ್ತೆ ಸಾಕ್ಷಿ. ನಾನು ಒಪ್ಪಿದೆ. ಒಪ್ಪಿದ ಕ್ಷಣದಿಂದ ಹಗ್ಗ ಕಂಡರೆ ಎದೆ ಧಸಕ್ಕೆನ್ನತೊಡಗಿತು. ಆ ಕಾರು ಹೋದರೆ ನಾನು ಮತ್ತೆ “ಜೀಪು ಯಾವಾಗ ಬರುತ್ತೆ” ಎಂದು ಕಾಯುವವಳಾಗಬೇಕಿತ್ತು. ಅದು ನನಗೆ ಬೇಡವೇ ಬೇಡವಾಗಿತ್ತು.

ಹಿಂದಿನಿಂದ ಬಂದವಳು

ನಮ್ಮ ಕಡೆ ರಸ್ತೆಯಲ್ಲಿ ನಡೆಯುವವರು ಹಿಂದೆ ತಿರುಗಿ ನೋಡುವುದಿಲ್ಲ. ಜೀಪಾದರೆ ಎರಡು ತಿರುವು ಹಿಂದಿರುವಾಗಲೇ ಕೇಳಿಸುತ್ತದೆ. ಯಾರ ಜೀಪು, ಯಾರು ಓಡಿಸುತ್ತಿದ್ದಾರೆ ಎಂಬುದೂ ಶಬ್ದದಲ್ಲೇ ತಿಳಿಯುತ್ತದೆ. ನನ್ನ ಕಾರಿಗೆ ಶಬ್ದವೇ ಇಲ್ಲ.

ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ನೆರೆಯ ಇಬ್ಬರು ಹೆಂಗಸರು ರಸ್ತೆಯ ನಡುವೆ ಮಾತಾಡುತ್ತಾ ಹೋಗುತ್ತಿದ್ದರು. ಹಾರ್ನ್ ಮೇಲೆ ಕೈಯಿಟ್ಟೆ. ಅಷ್ಟರಲ್ಲಿ “ಟೀಚರ್” ಎಂಬ ಮಾತು ಕೇಳಿತು. ಕೈ ತೆಗೆದೆ.

“ಯಜಮಾನ್ರು ಜೀಪ್ ಮುಟ್ಟೋಕೆ ಬಿಡಲ್ವಂತೆ. ಅದಕ್ಕೇ ಅಣ್ಣನ ಹತ್ರ ಇಸ್ಕೊಂಡಿದ್ದು.”

“ಹಗ್ಗ ಕಟ್ಟಿ ತಂದ್ರೆ ಮಾರ್ತಾರಂತಲ್ಲ?”

“ಹೂಂ. ಮಳೆಗಾಲದ ತನಕ ಬರ್ಬಹುದೇನೋ.”

“ಎಲ್ಲಿ ಮಾರಾಯ್ತಿ! ಈ ವಾರ ದಾಟಿದ್ರೆ ಹೆಚ್ಚು. ಆ ಸಾಬೂನು ಪೆಟ್ಟಿಗೆ ನಮ್ಮ ಏರು ಹತ್ತುತ್ತಾ?”

ಅಲ್ಲಿಂದ ಮುಂದೆ ನನ್ನ ಸೀರೆ, ನಮ್ಮ ಅತ್ತೆಯ ಸಿಟ್ಟು, ಯಜಮಾನರ ಹೊಟ್ಟೆ ಎಲ್ಲ ಬಂದವು. ಸೀರೆಯ ಬಗ್ಗೆ ಅವರು ಹೇಳಿದ್ದು ನಿಜವೇ ಇತ್ತು. ನಾನು ಅವರ ನಡಿಗೆಯ ವೇಗದಲ್ಲೇ ಹಿಂದೆ ಹಿಂದೆ ಹೋದೆ. ಕೊನೆಗೆ ಶಾಲೆಗೆ ಹೊತ್ತಾಗುತ್ತದೆಂದು ಹಾರ್ನ್ ಒತ್ತಿದೆ. ಇಬ್ಬರೂ ಚರಂಡಿಯ ಕಡೆ ಹಾರಿ, ತಿರುಗಿ ನೋಡಿದರು. ನಾಚಿಕೆಪಟ್ಟುಕೊಂಡಾರು ಎಂದು ಕಾದೆ.

“ಓ ಟೀಚರ್! ನೂರು ವರ್ಷ ಆಯಸ್ಸು ನಿಮಗೆ! ಈಗಷ್ಟೇ ನಿಮ್ಮ ಕಾರು ಎಷ್ಟು ಚೆಂದ ಇದೆ ಅಂತ ಮಾತಾಡ್ತಿದ್ವಿ. ಕೊಟ್ಟಿಗೆಹಾರದ ತನಕ ಬಿಡ್ತೀರಲ್ಲ?” ಎನ್ನುತ್ತಾ ಇಬ್ಬರೂ ಬಾಗಿಲು ತೆಗೆದು ಹತ್ತಿಯೇಬಿಟ್ಟರು.

ವಾಪಸ್ ಬಿಡಿ

ಬೆಳಿಗ್ಗೆ ಮನೆಯಿಂದ ತುಂಬಿಸಿಕೊಂಡು ಹೊರಟ ಕರೆಂಟು ಮೂಡಿಗೆರೆಗೆ ಆರಾಮಾಗಿ ಸಾಕಾಗುತ್ತಿತ್ತು. ಪಾಠ ಮುಗಿಯುವ ತನಕ ಶಾಲೆಯ ವರಾಂಡದ ಪ್ಲಗ್ಗಿಗೆ ಹಾಕಿದರೆ ವಾಪಸ್ ಬರಲೂ ಆಗುತ್ತಿತ್ತು. ತೊಂದರೆಯೆಂದರೆ ಮೂಡಿಗೆರೆಯಲ್ಲಿ ಕರೆಂಟು ಇರಬೇಕು. ಇಲ್ಲದ ದಿನ ಬರುವ ದಾರಿಯಲ್ಲಿ ಯಾರದಾದರೂ ಮನೆ ಹುಡುಕಬೇಕು.

ಅಂಥ ಒಂದು ಸಂಜೆ ರಸ್ತೆ ಬದಿಯ ಮನೆಯೊಂದರ ಮುಂದೆ ಕಾರು ನಿಲ್ಲಿಸಿದೆ. ಆ ಮನೆಯ ಹುಡುಗಿ ನನ್ನ ವಿದ್ಯಾರ್ಥಿನಿ. ಅವಳಪ್ಪ ಬಹಳ ಸಂಭ್ರಮದಿಂದ “ಬನ್ನಿ ಬನ್ನಿ ಟೀಚರ್, ಕರೆಂಟ್ ತಾನೆ, ಎಷ್ಟು ಬೇಕೋ ಅಷ್ಟು ಹಾಕ್ಕೊಳ್ಳಿ” ಎಂದು ಕಿಟಕಿಯಿಂದ ವಯರ್ ಒಳಗೆ ಎಳೆದುಕೊಂಡರು. ಒಳಗೆ ಅಜ್ಜಿಯೊಬ್ಬರು ಟಿ.ವಿ. ಮುಂದೆ ಕೂತಿದ್ದರು. ಧಾರಾವಾಹಿಯಲ್ಲಿ ಸೊಸೆ ವಿಷ ಹಾಕಿದ ಹಾಲನ್ನು ಅತ್ತೆಗೆ ಕೊಡುವುದರಲ್ಲಿದ್ದಳು. ಅತ್ತೆ ಲೋಟ ಬಾಯಿಯ ಹತ್ತಿರ ತಂದಳು. ಇತ್ತ ಅವಳಪ್ಪ ಸ್ವಿಚ್ ಹಾಕಿದರು.

ಕರೆಂಟು ಹೋಯಿತು. ಆ ಮನೆಯದು ಮಾತ್ರ ಅಲ್ಲ, ಸುತ್ತಲಿನ ಎಲ್ಲ ಮನೆಗಳದ್ದೂ.

ಅದು ಆಗಾಗ ತಾನಾಗಿಯೇ ಹೋಗುವ ಕರೆಂಟೇ. ಆದರೆ ಅವತ್ತು ಅಂಗಳದಲ್ಲಿ ಕಾರಿತ್ತು. ಒಬ್ಬೊಬ್ಬರಾಗಿ ಬಂದು ಅದರ ಸುತ್ತ ನಿಂತರು. “ಒಂದೇ ಸಲಕ್ಕೆ ಎಳೀತು ನೋಡಿ” ಎಂದರು ಒಬ್ಬರು. “ನಮ್ಮ ಟ್ರಾನ್ಸ್‌ಫಾರ್ಮರ್ ಇಂಥದ್ದಕ್ಕೆಲ್ಲ ತಡೆಯಲ್ಲ” ಎಂದರು ಇನ್ನೊಬ್ಬರು. ನಾನು ವಿವರಿಸಿದೆ. ಒಂದು ಮಿಕ್ಸಿ, ಒಂದು ಇಸ್ತ್ರಿಪೆಟ್ಟಿಗೆ ಸೇರಿದರೆ ಎಷ್ಟೋ ಇದಕ್ಕೂ ಹೆಚ್ಚುಕಮ್ಮಿ ಅಷ್ಟೇ ಸಾಕು ಎಂದೆ. ಎಲ್ಲರೂ ತಲೆಯಾಡಿಸಿದರು, ಯಾರೂ ನಂಬಲಿಲ್ಲ.

ಅಷ್ಟರಲ್ಲಿ ಅಜ್ಜಿ ಲಾಟೀನು ಹಿಡಿದು ಹೊರಗೆ ಬಂದರು. ಕಾರಿನ ಮೂತಿಗೆ ಬೆಳಕು ಹಿಡಿದು ನೋಡಿ, ನನ್ನ ಕಡೆ ತಿರುಗಿದರು.

“ಕುಡಿದಿದ್ದು ಕುಡೀತು, ಹೋಗ್ಲಿ. ಅರ್ಧ ಗಂಟೆ ಮಟ್ಟಿಗೆ ವಾಪಸ್ ಬಿಡಮ್ಮಾ. ಅವಳು ಹಾಲು ಕುಡಿದ್ಳೋ ಇಲ್ವೋ ಅಷ್ಟು ನೋಡ್ಕೊಂಡು ಮತ್ತೆ ನಿಂಗೇ ಕೊಡ್ತೀನಿ.”

ದೊಡ್ಡಮ್ಮನ ಪ್ಲಗ್ಗು

ಇಂಥ ಅನುಭವಗಳಾದ ಮೇಲೆ ನಾನು ಒಂದೇ ಮನೆ ಗೊತ್ತು ಮಾಡಿಕೊಂಡೆ. ಅರ್ಧ ದಾರಿಯಲ್ಲಿ ನಮ್ಮ ಯಜಮಾನರ ದೂರದ ದೊಡ್ಡಮ್ಮನೊಬ್ಬರ ಮನೆಯಿತ್ತು. ಬ್ಯಾಟರಿಗೆ ಕರೆಂಟು ತುಂಬಲು ಗಂಟೆಗಟ್ಟಲೆ ಬೇಕು. ಬಂದವರನ್ನು ಅಷ್ಟು ಹೊತ್ತು ಬರಿಗೈಯಲ್ಲಿ ಕೂರಿಸುವ ಮನೆ ನಮ್ಮ ಸೀಮೆಯಲ್ಲಿಲ್ಲ. ಮೊದಲು ಕಾಫಿ, ಕಾಫಿಯ ಜೊತೆ ಕೋಡುಬಳೆ, ಅದು ಮುಗಿಯುವಷ್ಟರಲ್ಲಿ ಅಕ್ಕಿ ರೊಟ್ಟಿ. ಕಾರಿನ ಚಾರ್ಜ್ ತೋರಿಸುವ ಮುಳ್ಳು ಅರ್ಧಕ್ಕೆ ಬರುವುದರೊಳಗೆ ನಾನು ಪೂರ್ತಿ ತುಂಬಿರುತ್ತಿದ್ದೆ.

ಹೀಗೆ ಕೆಲವು ಸಲ ಆಯಿತು. ಆಮೇಲೆ ಮೂಡಿಗೆರೆಯಲ್ಲಿ ಕರೆಂಟು ಸ್ವಲ್ಪ ದಿನ ಬಿಡದೆ ಇದ್ದುದರಿಂದ ನಾನು ದೊಡ್ಡಮ್ಮನ ಮನೆ ದಾಟಿ ನೇರ ಬರತೊಡಗಿದೆ. ಒಂದು ಭಾನುವಾರ ದೊಡ್ಡಮ್ಮ ನಮ್ಮ ಮನೆಗೇ ಬಂದರು. ನನ್ನನ್ನು ನೋಡಲಿಲ್ಲ. ಅತ್ತೆಯ ಪಕ್ಕ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

“ನಮ್ಮ ಮನೇಲಿ ಏನು ಕಮ್ಮಿ ಆಗಿತ್ತು ಹೇಳಿ. ರೊಟ್ಟಿ ದಪ್ಪ ಆಗ್ತಿತ್ತಾ? ಈಗ ಅವಳು ಬೇರೆಯವರ ಮನೇಲಿ ಹಾಕಿಸ್ಕೊಳ್ತಾಳೆ ಅನ್ಸುತ್ತೆ. ಕಾರು ನಮ್ಮನೆ ಗೇಟಿನ ಮುಂದೇ ಹೋಗುತ್ತೆ, ತಿರುಗಿ ಕೂಡ ನೋಡಲ್ಲ.”

“ಶಾಲೇಲೇ ತುಂಬುತ್ತೆ ದೊಡ್ಡಮ್ಮಾ, ಬೇಕಾಗಲ್ಲ” ಎಂದೆ.

“ಬೇಕಾದಾಗ ಮಾತ್ರ ಬರೋದಕ್ಕೆ ನಾವೇನು ಅಂಗಡಿ ಇಟ್ಟಿದೀವಾ?”

ಅತ್ತೆ ನನ್ನನ್ನು ಕಣ್ಣಿನಲ್ಲೇ ಗದರಿದರು. ಅಂದಿನಿಂದ ವಾರಕ್ಕೊಮ್ಮೆ, ಬ್ಯಾಟರಿ ತುಂಬಿದ್ದರೂ, ಅಲ್ಲಿ ನಿಲ್ಲಿಸಿ ವಯರ್ ಹಾಕುತ್ತಿದ್ದೆ. ಒಂದು ದಿನ ಹೊರಡುವಾಗ ನೋಡಿದರೆ ಸ್ವಿಚ್ಚೇ ಹಾಕಿರಲಿಲ್ಲ. “ದೊಡ್ಡಮ್ಮಾ, ಸ್ವಿಚ್ ಆಫ್ ಇದೆ” ಎಂದೆ.

“ನಾನೇ ಆಫ್ ಮಾಡಿದ್ದು. ಬೇಗ ತುಂಬಿದ್ರೆ ನೀನು ಬೇಗ ಹೋಗ್ತೀಯ” ಎಂದರು.

ವಿಜ್ಞಾನದ ಮೇಷ್ಟ್ರು

ಪರೀಕ್ಷೆಯ ಪೇಪರ್ ತಿದ್ದಲು ನಮ್ಮನ್ನು ಚಿಕ್ಕಮಗಳೂರಿಗೆ ಹಾಕಿದ್ದರು. ನಾನು ನೆಂಟರ ಮನೆಯಲ್ಲಿ ಉಳಿದಿದ್ದೆ, ಕಾರೂ ಅಲ್ಲೇ ಉಂಡು ಮಲಗುತ್ತಿತ್ತು. ನಡುವೆ ಒಂದು ರಜೆ ಸಿಕ್ಕಿತು. ನಮ್ಮ ಶಾಲೆಯ ಹಿರಿಯ ಮೇಷ್ಟ್ರೊಬ್ಬರು, ಬೇರೆ ಕೆಲಸಕ್ಕೆ ಅಲ್ಲಿಗೆ ಬಂದಿದ್ದ ಡ್ರಿಲ್ ಟೀಚರ್, ನಾನು ಮೂವರೂ ಬಾಬಾಬುಡನ್‌ಗಿರಿಗೆ ಹೊರಟೆವು. ಅಡ್ಡಿಯಿಲ್ಲ, ಕಾರು ಹತ್ತಿತು. ಆದರೆ ಅತ್ತಿಗುಂಡಿ ತಲುಪುವಷ್ಟರಲ್ಲಿ ಮುಳ್ಳು ಕೆಂಪಿನಲ್ಲಿತ್ತು. ಅಲ್ಲೊಂದು ಟೀ ಅಂಗಡಿಯವರು ಪ್ಲಗ್ ಕೊಟ್ಟರು. ಗಿರಿಯ ತುದಿಗೆ ಹೋಗುವುದು ಬಿಟ್ಟು ಅಂಗಡಿಯಲ್ಲೇ ಕೂತು ಮೆಣಸಿನಕಾಯಿ ಬಜ್ಜಿ ತಿಂದು ಇಳಿಯತೊಡಗಿದೆವು.

ಈ ಕಾರಿನ ಒಂದು ಗುಣವೆಂದರೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಸ್ವಲ್ಪ ಕರೆಂಟು ಬ್ಯಾಟರಿಗೆ ವಾಪಸ್ ಸೇರುತ್ತದೆ. ಕೆಳಗೆ ಬರುತ್ತಾ ಮುಳ್ಳು ಒಂದಿಷ್ಟು ಮೇಲೆದ್ದಿತು. ಮುಂದೆ ಕೂತಿದ್ದ ಹಿರಿಯ ಮೇಷ್ಟ್ರು ಅದನ್ನೇ ನೋಡುತ್ತಿದ್ದರು.

“ಇಳೀತಾ ಇಳೀತಾ ಜಾಸ್ತಿ ಆಗ್ತಿದೆಯಲ್ಲ ಮೇಡಂ!”

“ಹೌದು ಸಾರ್.”

ಮೇಷ್ಟ್ರು ಬೆರಳು ಮಡಚಿ ಎಣಿಸಿದರು. ಮುಖದಲ್ಲಿ ಏನೋ ಲೆಕ್ಕ ನಡೆಯುತ್ತಿತ್ತು.

“ಹಾಗಾದ್ರೆ ಇನ್ನೂ ಒಂದೆರಡು ಸಲ ಹತ್ತಿ ಇಳಿದುಬಿಡೋಣ ಮೇಡಂ. ಫುಲ್ ಆಗುತ್ತೆ, ಮೂಡಿಗೆರೆ ತನಕ ಯೋಚನೆ ಇರಲ್ಲ.”

ಡ್ರಿಲ್ ಟೀಚರ್ ಹಿಂದಿನ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ಆನಿಸಿಕೊಂಡು ಕೂತಿದ್ದವರು ನಕ್ಕರೋ ನರಳಿದರೋ ತಿಳಿಯಲಿಲ್ಲ. ನಾನು ರಸ್ತೆಯನ್ನೇ ನೋಡುತ್ತಾ ಇಳಿಸಿದೆ. ಹತ್ತನೇ ತರಗತಿಗೆ ಭೌತಶಾಸ್ತ್ರ ಕಲಿಸುತ್ತಿದ್ದವರು ಆ ಹಿರಿಯ ಮೇಷ್ಟ್ರೇ.

ತಳ್ಳಿದ್ದಾ, ಎಳೆದಿದ್ದಾ

ಎಷ್ಟು ಎಚ್ಚರವಾಗಿದ್ದರೂ ಒಂದು ಸಂಜೆ ಮನೆಯ ಕೊನೆಯ ಏರಿನಲ್ಲಿ ಕಾರು ನಿಂತೇಬಿಟ್ಟಿತು. ಹಿಂದಿನಿಂದ ಬಂದ ಲಾರಿಯ ಡ್ರೈವರ್ ಬಹಳ ಒಳ್ಳೆಯವನು. ಕೇಳದೆಯೇ ಇಳಿದು ದಪ್ಪ ಹಗ್ಗ ಹಿಡಿದುಕೊಂಡು ಬಂದ.

“ಕೂತ್ಕೊಳ್ಳಿ ಮೇಡಂ, ಮನೆ ತನಕ ಎಳ್ದು ಬಿಡ್ತೀನಿ.”

“ಹಗ್ಗ ಬೇಡ” ಎಂದು ಕಿರುಚಿದೆ. ನನ್ನ ಮುಖ ನೋಡಿ ಅವನು ಏನಂದುಕೊಂಡನೋ, ಹಗ್ಗವನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದು ಲಾರಿ ಹತ್ತಿದ.

ಅಷ್ಟರಲ್ಲಿ ನಮ್ಮ ತೋಟದಲ್ಲಿ ಕಾಫಿ ಕುಯ್ಯುವ ಹೆಂಗಸರು ಕೆಲಸ ಬಿಟ್ಟು ಬರುತ್ತಿದ್ದರು. ವಿಷಯ ಅವರಿಗೆಲ್ಲ ಗೊತ್ತೇ ಇತ್ತಲ್ಲ. “ಅಮ್ಮೋರ ಕಾರು ಮಾರೋಕೆ ಬಿಡಲ್ಲ” ಎನ್ನುತ್ತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ತಳ್ಳಿದರು. ನಾನು ಸ್ಟೀರಿಂಗ್ ಹಿಡಿದು ರಾಣಿಯ ಹಾಗೆ ಕೂತಿದ್ದೆ. ಅಂಗಳಕ್ಕೆ ಬಂದಾಗ ಯಜಮಾನರು ಮೊದಲು ನೋಡಿದ್ದು ಬಂಪರನ್ನು. ಬಗ್ಗಿ, ಹಗ್ಗದ ಗುರುತು ಇದೆಯೇ ಎಂದು ಬೆರಳಾಡಿಸಿದರು. ಇರಲಿಲ್ಲ.

“ಎಳ್ದ್ರೇನು, ತಳ್ಳಿದ್ರೇನು, ಎರಡೂ ಒಂದೇ. ಷರತ್ತು ಷರತ್ತೇ” ಎಂದರು.

ನನಗೆ ಅಳು ಬರುವ ಹಾಗಾಯಿತು. ಆಗ ಅತ್ತೆ ಜಗಲಿಯಿಂದ ಕೊಟ್ಟಿಗೆಯ ಕಡೆ ಕೈ ತೋರಿಸಿದರು.

“ಮಗ, ಅಲ್ಲಿ ಎಮ್ಮೆ ಇದೆ. ಮುಂದೆ ನಿಂತು ಒಂದ್ಸಲ ಎಳಿ. ಆಮೇಲೆ ಹಿಂದೆ ನಿಂತು ಒಂದ್ಸಲ ತಳ್ಳು. ಎದ್ದು ಬರೋಕಾದ್ರೆ ಬಂದು ಎರಡೂ ಒಂದೇ ಅಂತ ಹೇಳು.”

ಹಗ್ಗ

ಕುಯ್ಲು ಜೋರಾಗಿದ್ದ ದಿನಗಳು. ಜೀಪಿನ ಕ್ಲಚ್ ಪ್ಲೇಟು ಹೋಗಿ ಅದು ಕೊಟ್ಟಿಗೆಹಾರದ ಗ್ಯಾರೇಜಿನಲ್ಲಿ ಮಲಗಿತ್ತು. ಯಜಮಾನರು ಎರಡು ದಿನ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದರು. ಶನಿವಾರ ಮಧ್ಯಾಹ್ನ ನಾನು ಶಾಲೆಯಿಂದ ಬಂದು ಊಟಕ್ಕೆ ಕೂತಿದ್ದಾಗ ಮೊಳೆಗೆ ನೇತು ಹಾಕಿದ್ದ ಕೀಲಿ ತೆಗೆದುಕೊಂಡರು.

“ಜೀಪ್ ಆಯ್ತಾ ನೋಡ್ಕೊಂಡು ಬರ್ತೀನಿ.”

“ಈಗಷ್ಟೇ ಬಂದಿದೀನಿ ರೀ, ಚಾರ್ಜ್ ಕಮ್ಮಿ ಇದೆ. ಒಬ್ಬರೇ ಹೋದ್ರೆ ಹೋಗಿ ಬರೋಕೆ ಸರಿಯಾಗುತ್ತೆ ಅಷ್ಟೇ.”

“ಜೀಪ್ ಓಡ್ಸೋನಿಗೆ ಇದನ್ನ ಹೇಳಿಕೊಡ್ತೀಯಾ?” ಎಂದು ಹೊರಟೇಬಿಟ್ಟರು.

ಮುಂದಿನದನ್ನು ನನಗೆ ಆಮೇಲೆ ಹೇಳಿದ್ದು ಗ್ಯಾರೇಜಿನ ಮೆಕ್ಯಾನಿಕ್ಕೂ ದಾರಿಯಲ್ಲಿ ಕಾರು ಹತ್ತಿದವರೂ. ಜೀಪಿಗೆ ಇನ್ನೂ ಒಂದು ಗಂಟೆಯ ಕೆಲಸವಿತ್ತು. ಆದ ಮೇಲೆ ತಾನೇ ಮನೆಗೆ ತಂದು ಬಿಡುತ್ತೇನೆಂದು ಅವನು ಹೇಳಿದ್ದರಿಂದ ಯಜಮಾನರು ಕಾರಿನಲ್ಲಿ ವಾಪಸ್ ಹೊರಟರು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ದಾರಿಯಲ್ಲಿ ಯಾರಾದರೂ ಕೈ ತೋರಿಸಿದರೆ ಜೀಪು ನಿಲ್ಲಿಸಲೇಬೇಕು. ನಿಲ್ಲಿಸದೆ ಹೋದರೆ ಆ ಮಾತು ಮುಂದಿನ ಮದುವೆ ಮನೆಯಲ್ಲಿ ಎಲೆ ಹಾಕುವಾಗ ಏಳುತ್ತದೆ. ಯಜಮಾನರ ಕಾಲು ಬ್ರೇಕಿನ ಮೇಲೆ ತಾನಾಗಿಯೇ ಹೋಗುತ್ತದೆ. ತಾವು ಕೂತಿರುವುದು ಜೀಪಿನಲ್ಲಲ್ಲ ಎಂಬುದು ಅವರಿಗೆ ಮರೆತಿತ್ತು. ಮೊದಲು ಗಣಹೋಮ ಮುಗಿಸಿ ಬರುತ್ತಿದ್ದ ಭಟ್ಟರು ಕೈ ತೋರಿಸಿದರು. ಅಕ್ಕಿ, ತೆಂಗಿನಕಾಯಿಯ ಗಂಟಿನೊಂದಿಗೆ ಮುಂದೆ ಕೂತರು. ಆಮೇಲೆ ಸಂತೆಯ ಚೀಲಗಳೊಂದಿಗೆ ಇಬ್ಬರು ಹೆಂಗಸರು, ಅವರು ಹಿಂದೆ. ಕೊನೆಗೆ ತಿರುವಿನಲ್ಲಿ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಸಿಕ್ಕರು. “ಜಾಗ ಇಲ್ಲ ಸಾರ್, ನಾನು ನಡ್ಕೊಂಡೇ ಬರ್ತೀನಿ” ಎಂದರಂತೆ ಪಾಪ. ಯಜಮಾನರು ಬಿಡಲಿಲ್ಲ. “ಅಡ್ಜಸ್ಟ್ ಮಾಡ್ಕೊಳ್ಳಿ ಮಾರಾಯ್ರೆ, ಇಲ್ಲೇ ತಾನೆ” ಎಂದು ಭಟ್ಟರ ಸೀಟಿನಲ್ಲೇ ಅವರನ್ನೂ ತುರುಕಿದರು.

ಏರಿನ ಬುಡದಲ್ಲೇ ಕಾರು ನಿಂತಿತು. ಯಜಮಾನರು ಇಳಿದು ಬಾನೆಟ್ ಎತ್ತಿದರು. ಎಂಜಿನ್ ಇಲ್ಲದ್ದು ಕಂಡು ಮುಚ್ಚಿದರು. ಆಮೇಲೆ ಜೀಪಿಗೆ ಮಾಡುವ ಹಾಗೆ, ಇಳಿಜಾರಿನಲ್ಲಿ ಹಿಂದಕ್ಕೆ ಬಿಟ್ಟು ಸ್ಟಾರ್ಟ್ ಮಾಡಲು ನೋಡಿದರಂತೆ. ಅದರಿಂದ ಕಾರು ಇನ್ನೂ ಸ್ವಲ್ಪ ಹಿಂದಕ್ಕೆ ಹೋಯಿತು.

ಅಷ್ಟರಲ್ಲಿ ರಿಪೇರಿಯಾದ ಜೀಪು ಓಡಿಸಿಕೊಂಡು ಮೆಕ್ಯಾನಿಕ್ ಬಂದ. ಕಾರಿಗೆ ಹಗ್ಗ ಕಟ್ಟಿದ. “ಎಲ್ಲಾ ಜೀಪಿಗೆ ಬನ್ನಿ, ಖಾಲಿ ಇದೆ” ಎಂದು ಕರೆದ. ಯಾರೂ ಇಳಿಯಲಿಲ್ಲ. “ಸಾಹುಕಾರ್ರು ಅಷ್ಟು ಕರ್ದು ಹತ್ತಿಸ್ಕೊಂಡಿದಾರೆ, ಈಗ ಇಳಿದ್ರೆ ಬೇಜಾರ್ ಮಾಡ್ಕೊಳ್ತಾರೆ” ಎಂದರು ಹಿಂದಿನ ಹೆಂಗಸರು. ಭಟ್ಟರು ಮತ್ತು ರೈಟರು ಇಳಿಯುವ ಮನಸ್ಸಿದ್ದರೂ ಇಳಿಯುವ ಸ್ಥಿತಿಯಲ್ಲಿರಲಿಲ್ಲ.

ನಮ್ಮ ಅಂಗಳದಲ್ಲಿ ಅದು ಕುಯ್ದ ಕಾಫಿ ಅಳೆಯುವ ಹೊತ್ತು. ಅಷ್ಟೂ ಆಳುಗಳು ಮೂಟೆ ಇಟ್ಟುಕೊಂಡು ಸಾಲಾಗಿ ನಿಂತಿದ್ದರು. ಆಗ ಗೇಟಿನಲ್ಲಿ ಮೊದಲು ನಮ್ಮ ಜೀಪು ಬಂತು, ಡ್ರೈವರ್ ಒಬ್ಬನನ್ನು ಬಿಟ್ಟು ಪೂರ್ತಿ ಖಾಲಿ. ಅದರ ಹಿಂದೆ ಹಗ್ಗ. ಹಗ್ಗದ ಹಿಂದೆ ಐದು ಜನ ತುಂಬಿದ ನನ್ನ ಪುಟ್ಟ ಕಾರು, ಸ್ಟೀರಿಂಗ್ ಹಿಡಿದು ನೆಟ್ಟಗೆ ಮುಂದೆ ನೋಡುತ್ತಾ ಕೂತ ಯಜಮಾನರು.

ಯಾರೂ ನಗಲಿಲ್ಲ. ನಗು ತಡೆದುಕೊಂಡ ಅಷ್ಟು ಜನರನ್ನು ನಾನು ಒಟ್ಟಿಗೆ ಮತ್ತೆಲ್ಲೂ ನೋಡಿಲ್ಲ. ನನಗಂತೂ ನಗುವಿಗಿಂತ ಮೊದಲು ಹೆದರಿಕೆಯಾಯಿತು. ಹಗ್ಗ ಕಟ್ಟಿ ಎಳೆದು ತಂದರೆ ಮಾರುವುದು ಎಂದಿತ್ತೇ ಹೊರತು, ಯಾರು ಓಡಿಸುವಾಗ ಎಂದು ಷರತ್ತಿನಲ್ಲಿ ಇರಲಿಲ್ಲ. ಅತ್ತೆ ಜಗಲಿ ಇಳಿದು ಬಂದರು.

“ಮಗ, ಹಗ್ಗ ಕಟ್ಟಿ ತಂದ್ರೆ ಅವತ್ತೇ ಮಾರೋದು ಅಂದಿದ್ದು ನೀನೇ ತಾನೆ?”

“ಹೌದಮ್ಮಾ, ಆದ್ರೆ ಇವತ್ತು...”

“ಆದ್ರೆ ಗೀದ್ರೆ ಏನಿಲ್ಲ. ಮಾತು ಕೊಟ್ಟ ಮೇಲೆ ಮುಗೀತು. ಮಾರ್ಲೇಬೇಕು.”

ಎಮ್ಮೆಯ ದಿನ ನನ್ನ ಪರ ನಿಂತ ಅತ್ತೆಯೇ ಹೀಗೆಂದ ಮೇಲೆ ಇನ್ನು ಯಾರನ್ನು ಕೇಳುವುದು? ಅತ್ತೆ ಕಾರಿನ ಸುತ್ತ ಒಂದು ಸುತ್ತು ಬಂದರು. ಯಜಮಾನರನ್ನು ಮೇಲಿಂದ ಕೆಳಗೆ ನೋಡಿದರು.

“ಇಷ್ಟು ದಿನ ಇವಳು ಓಡಿಸಿದ್ಲು, ಹಗ್ಗ ಬೇಕಾಗ್ಲಿಲ್ಲ. ಇವತ್ತೂ ಕಾರು ಅದೇ, ರಸ್ತೆ ಅದೇ. ಬೇರೆ ಇದ್ದಿದ್ದು ಡ್ರೈವರ್ ಒಬ್ಬನೇ. ಹಾಗಾಗಿ ಮಾರೋದಾದ್ರೆ ಡ್ರೈವರನ್ನೇ ಮಾರ್ಬೇಕು.” ಆಮೇಲೆ ಕಾರಿನ ಕಿಟಕಿಗೆ ಬಗ್ಗಿದರು. “ನೀವು ನಾಲ್ಕು ಮನೆ ತಿರುಗೋರು ಭಟ್ರೇ. ಯಾರಾದ್ರೂ ತಗೊಳ್ಳೋರಿದ್ರೆ ಹೇಳಿ.”

ಭಟ್ಟರು ರೈಟರ ತೋಳು ಮತ್ತು ತೆಂಗಿನಕಾಯಿ ಗಂಟಿನ ನಡುವಿನಿಂದ ಕತ್ತು ಹೊರಗೆ ಹಾಕಿ, ನಮ್ಮ ಯಜಮಾನರನ್ನು ಗಂಭೀರವಾಗಿ ಒಮ್ಮೆ ನೋಡಿದರು.

“ವಿಚಾರಿಸ್ತೀನಮ್ಮಾ. ಆದ್ರೆ ಹಳೇ ಮಾಡೆಲ್ ಅಲ್ವಾ, ಸ್ವಲ್ಪ ಕಷ್ಟ.”